ಆರ್ಗಾನ್ ವೆಲ್ಡಿಂಗ್ ಕಲಿಯುವಿರಾ? ಕಡ್ಡಿಯ ಧೂಳಿನ ಬಗ್ಗೆ ಎಚ್ಚರ!

ಕೆಲವು ತಿಂಗಳ ಹಿಂದಿನ ಮಾತು. ಇಪ್ಪತ್ತೆರಡು ವರ್ಷದ ಯುವಕನೊಬ್ಬ ಒಣಕೆಮ್ಮೆಂದು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದ. ಎದೆ ಪರೀಕ್ಷಿಸಿ ಔಷಧಿ ಬರೆದುಕೊಟ್ಟೆ. ಚೀಟಿ ಕೈಗೆ ಸಿಕ್ಕರೂ ಆತ ಏಳಲಿಲ್ಲ. ಅಂಗಿಯ ಜೇಬಿನಿಂದ, ಪೆನ್ಸಿಲ್ಲಿಗಿಂತ ತೆಳುವಾದ ಲೋಹದ ಕಡ್ಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅದರ ಒಂದು ತುದಿಗೆ ಕೆಂಪು ಬಣ್ಣ ಬಳಿದಿತ್ತು.

“ಸಾರ್, ಇದ್ರಲ್ಲಿ ವಿಕಿರಣ ಇದೆಯಂತೆ. ಜೇಬಲ್ಲಿ ಇಟ್ಕೊಂಡು ಓಡಾಡಿದ್ರೆ ಮಕ್ಕಳಾಗಲ್ಲ ಅಂತ ನಮ್ಮ ಶೆಡ್ಡಲ್ಲಿ ಹೇಳ್ತಾರೆ. ನಂಗೆ ಮದುವೆ ಗೊತ್ತಾಗಿದೆ. ನಿಜಾನಾ ಸಾರ್?”

ಆಗಷ್ಟೇ ನನಗೆ ಗೊತ್ತಾದದ್ದು, ಆತ ಅಲ್ಯೂಮಿನಿಯಂ ಬೆಸೆಯುವ ಕೆಲಸ ಕಲಿಯುತ್ತಿದ್ದಾನೆಂದು. ಕೆಮ್ಮಿಗೆ ಔಷಧಿ ಬರೆಯುವ ಮೊದಲೇ ಅವನ ಉದ್ಯೋಗವೇನೆಂದು ನಾನು ಕೇಳಬೇಕಿತ್ತು. ಕೇಳಿರಲಿಲ್ಲ.

“ದಿನಕ್ಕೆ ಎಷ್ಟು ಸಲ ಇದನ್ನ ಸಾಣೆ ಹಿಡೀತೀಯಪ್ಪಾ?” ಎಂದೆ.

“ಲೆಕ್ಕ ಇಟ್ಟಿಲ್ಲ ಸಾರ್. ಇನ್ನೂ ಕಲೀತಿದೀನಲ್ಲ, ಕೈ ಅಲ್ಲಾಡಿ ಜಾಬ್‌ಗೆ ತಾಗಿಬಿಡುತ್ತೆ. ಹದಿನೈದು ಇಪ್ಪತ್ತು ಸಲ ಆಗಬಹುದು.”

“ಮೂಗಿಗೆ ಏನು ಕಟ್ಕೋತೀಯ?”

“ಏನೂ ಇಲ್ಲ ಸಾರ್. ಒಂದೊಂದ್ಸಲ ಕರ್ಚೀಫು.”

ಓದುಗರೇ, ಈ ಯುವಕ ಹೆದರಿದ್ದು ಜೇಬಿನಲ್ಲಿದ್ದ ಕಡ್ಡಿಗೆ. ಆದರೆ ಅವನು ಹೆದರಬೇಕಾಗಿದ್ದುದು ಸಾಣೆಕಲ್ಲಿನಿಂದ ಏಳುವ ಧೂಳಿಗೆ. ನಿಮ್ಮಲ್ಲಿ ಯಾರಾದರೂ ಈ ಕೆಲಸ ಕಲಿಯುತ್ತಿದ್ದರೆ, ಅಥವಾ ನಿಮ್ಮ ಮಗನೋ ತಮ್ಮನೋ ಐ.ಟಿ.ಐ. ಮುಗಿಸಿ ಇಂತಹ ಶೆಡ್ಡಿಗೆ ಸೇರಿದ್ದರೆ, ಈ ವಾರದ ಬರಹವನ್ನು ಪೂರ್ತಿಯಾಗಿ ಓದಿ.

ಈ ಕಡ್ಡಿ ಮಾಡುವ ಕೆಲಸವೇನು?

ನಮ್ಮಲ್ಲಿ ಆರ್ಗಾನ್ ವೆಲ್ಡಿಂಗ್ ಎಂದು ಕರೆಯುವುದಕ್ಕೆ ತಾಂತ್ರಿಕ ಹೆಸರು ಟಿಗ್ ವೆಲ್ಡಿಂಗ್. ಸಾಮಾನ್ಯ ವೆಲ್ಡಿಂಗ್‌ನಲ್ಲಿ ಕಡ್ಡಿಯೇ ಕರಗಿ ಬೆಸುಗೆಯಾಗುತ್ತದೆ. ಇಲ್ಲಿ ಹಾಗಲ್ಲ. ಟಾರ್ಚಿನೊಳಗೆ ಕೂರಿಸಿದ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ವಿದ್ಯುತ್ ಕಿಡಿ ಹೊರಟು ಜಾಬನ್ನು ಕರಗಿಸುತ್ತದೆ. ಕಡ್ಡಿ ಮಾತ್ರ ಹಾಗೆಯೇ ಉಳಿಯಬೇಕು. ಟಂಗ್‌ಸ್ಟನ್ ಕರಗಲು ಸುಮಾರು 3,400 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕಾಗುವುದರಿಂದ ಈ ಕೆಲಸಕ್ಕೆ ಅದನ್ನೇ ಆರಿಸಿಕೊಂಡಿದ್ದಾರೆ. ಸುತ್ತಲೂ ಹರಿಯುವ ಆರ್ಗಾನ್ ಅನಿಲ, ಕಾದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ.

ಹಾಲಿನ ಕ್ಯಾನು, ರೇಡಿಯೇಟರು, ಬೈಕಿನ ಎಂಜಿನ್ ಕವಚ ಮುಂತಾದ ಅಲ್ಯೂಮಿನಿಯಂ ವಸ್ತುಗಳಲ್ಲಿ ಒಂದು ತೊಡಕಿದೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲೇ ಕರಗುತ್ತದೆ. ಆದರೆ ಅದರ ಮೈಮೇಲೆ ಸದಾ ಇರುವ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗಿಂತ ಹೆಚ್ಚು ಉಷ್ಣತೆ ಬೇಕು. ಹಾಗಾಗಿ ಅಲ್ಯೂಮಿನಿಯಂಗೆ ಸಾಮಾನ್ಯವಾಗಿ ಎ.ಸಿ. ವಿದ್ಯುತ್ ಬಳಸುತ್ತಾರೆ. ನಮ್ಮ ಮನೆಯ ವಿದ್ಯುತ್ತಿನಂತೆ ಇದರ ದಿಕ್ಕು ಸೆಕೆಂಡಿಗೆ 100 ಬಾರಿ ಬದಲಾಗುತ್ತದೆ (ಹೊಸ ಇನ್ವರ್ಟರ್ ಯಂತ್ರಗಳಲ್ಲಿ ಇನ್ನೂ ಹೆಚ್ಚು). ಒಂದು ದಿಕ್ಕಿನಲ್ಲಿ ಹರಿಯುವಾಗ ಲೋಹ ಕರಗುತ್ತದೆ. ಮತ್ತೊಂದು ದಿಕ್ಕಿನಲ್ಲಿ ಹರಿಯುವಾಗ ಪೊರೆ ಒಡೆದು ಚೊಕ್ಕಟವಾಗುತ್ತದೆ. ಈ ಚೊಕ್ಕಟ ಮಾಡುವ ಹೊತ್ತಿನಲ್ಲಿ ಶಾಖದ ಬಹುಪಾಲು ಟಂಗ್‌ಸ್ಟನ್ ಕಡ್ಡಿಯ ಮೇಲೆಯೇ ಬೀಳುತ್ತದೆ. ಅಲ್ಯೂಮಿನಿಯಂ ಕೆಲಸದಲ್ಲಿ ಕಡ್ಡಿ ಬೇಗ ಹಾಳಾಗುವುದಕ್ಕೆ ಇದೂ ಒಂದು ಕಾರಣ.

ಕೆಂಪು ತುದಿಯ ಅರ್ಥ

ಬಣ್ಣವು ಕಡ್ಡಿಯಲ್ಲಿ ಏನು ಬೆರೆತಿದೆ ಎಂಬುದರ ಗುರುತು. ಕೆಂಪು ಎಂದರೆ ಟಂಗ್‌ಸ್ಟನ್ ಜತೆ ಸುಮಾರು ಶೇ. 2ರಷ್ಟು ಥೋರಿಯಂ ಆಕ್ಸೈಡ್ ಇದೆ ಎಂದರ್ಥ. ಇದು ಸೇರಿದರೆ ಕಿಡಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಮೊನೆ ಬಹುಕಾಲ ಬಾಳುತ್ತದೆ. ಉಕ್ಕಿನ ಕೆಲಸದಲ್ಲಿ ಕೆಂಪು ಕಡ್ಡಿ ಮನೆಮಾತಾದದ್ದು ಹೀಗೆ.

ಥೋರಿಯಂ ವಿಕಿರಣಶೀಲ ಧಾತು ಎಂಬುದು ನಿಜ. ಕೇರಳದ ಕಡಲತೀರದ ಮೊನಝೈಟ್ ಮರಳಿನಲ್ಲಿ ಅದು ಸಿಗುತ್ತದೆ. ನಿಮ್ಮಲ್ಲಿ ಹಿರಿಯರಾದವರು ಮದುವೆ ಚಪ್ಪರದಲ್ಲೋ ಯಕ್ಷಗಾನದ ರಂಗಸ್ಥಳದಲ್ಲೋ ಪೆಟ್ರೋಮ್ಯಾಕ್ಸ್ ದೀಪ ಉರಿಯುವುದನ್ನು ಕಂಡಿರುತ್ತೀರಿ. ಅದರ ಬಿಳಿಯ ಮ್ಯಾಂಟಲ್ ಬೆಳಗುತ್ತಿದ್ದುದು ಬಹುಮಟ್ಟಿಗೆ ಈ ಥೋರಿಯಂ ಆಕ್ಸೈಡಿನಿಂದಲೇ.

ಥೋರಿಯಂ ಮುಖ್ಯವಾಗಿ ಹೊರಸೂಸುವುದು ಆಲ್ಫಾ ಕಣಗಳನ್ನು. ಇವುಗಳ ಓಟ ಬಹಳ ಗಿಡ್ಡ. ಒಂದು ಕಾಗದದ ಹಾಳೆ, ನಮ್ಮ ಚರ್ಮದ ಮೇಲ್ಪದರದ ಸತ್ತ ಜೀವಕೋಶಗಳು, ಇಷ್ಟೇ ಸಾಕು ಅವನ್ನು ತಡೆಯಲು. ಜತೆಗೆ ಬರುವ ಬೇರೆ ಕಿರಣಗಳ ಪ್ರಮಾಣ ಬಹಳ ಕಡಿಮೆ. 2.4 ಮಿ.ಮೀ. ದಪ್ಪ, 150 ಮಿ.ಮೀ. ಉದ್ದದ ಒಂದು ಕಡ್ಡಿ ತೂಗುವುದು ಸುಮಾರು 13 ಗ್ರಾಂ. ಅದರಲ್ಲಿ ಥೋರಿಯಂ ಆಕ್ಸೈಡ್ ಇರುವುದು ಕಾಲು ಗ್ರಾಮಿನಷ್ಟು. ಆದ್ದರಿಂದ ಆ ಯುವಕನಿಗೆ ನಾನು ಧೈರ್ಯವಾಗಿಯೇ ಹೇಳಿದೆ: ಒಂದು ಕಡ್ಡಿ ಜೇಬಿನಲ್ಲಿದ್ದ ಮಾತ್ರಕ್ಕೆ ಸಂತಾನಹೀನತೆ ಬರುವುದಿಲ್ಲ. ಹಾಗೆಂದು ಮೊನಚಾದ ಕಡ್ಡಿಯನ್ನು ಜೇಬಿನಲ್ಲಿಟ್ಟುಕೊಳ್ಳುವುದೂ ಬೇಡ. ಬಗ್ಗಿದಾಗ ಚುಚ್ಚುತ್ತದೆ. ಡಬ್ಬಿಯಲ್ಲಿಡಿ.

ಧೂಳು ಒಳಹೋದರೆ?

ಸಾಣೆಕಲ್ಲಿಗೆ ಹಿಡಿದಾಗ ಈ ಚಿತ್ರ ಪೂರ್ತಿ ಬದಲಾಗುತ್ತದೆ. ಕಡ್ಡಿ ಸವೆದು ನುಣ್ಣನೆಯ ಧೂಳಾಗುತ್ತದೆ. ದಪ್ಪ ಕಣಗಳನ್ನು ಮೂಗಿನ ಕೂದಲು, ಗಂಟಲಿನ ಲೋಳೆ ಹಿಡಿದು ಹೊರಹಾಕುತ್ತವೆ. ಆದರೆ 5 ಮೈಕ್ರಾನಿಗಿಂತ ಚಿಕ್ಕ ಕಣಗಳು ನೇರವಾಗಿ ಶ್ವಾಸಕೋಶದ ತುತ್ತತುದಿಯ ಗಾಳಿಚೀಲಗಳವರೆಗೆ ಇಳಿಯಬಲ್ಲವು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಈ ಕಣಗಳ ಗಾತ್ರವನ್ನು ನೀವೇ ಊಹಿಸಿಕೊಳ್ಳಿ. ಅವು ಕಣ್ಣಿಗೆ ಕಾಣುವುದೇ ಇಲ್ಲ.

ಥೋರಿಯಂ ಆಕ್ಸೈಡ್ ನೀರಿನಲ್ಲಿ ಕರಗದು. ಶ್ವಾಸಕೋಶದ ಆಳಕ್ಕೆ ಇಳಿದದ್ದು ವರ್ಷಗಟ್ಟಲೆ ಅಲ್ಲಿಯೇ ಕುಳಿತಿರಬಲ್ಲದು. ಹೊರಗಿದ್ದಾಗ ಆಲ್ಫಾ ಕಣಗಳನ್ನು ತಡೆದ ಸತ್ತ ಚರ್ಮ ಅಲ್ಲಿಲ್ಲ. ಪಕ್ಕದಲ್ಲೇ ಜೀವಂತ ಕೋಶಗಳಿವೆ. ಕೂತಲ್ಲೇ ಕೂತು, ದಿನವೂ ಅವನ್ನು ಸ್ವಲ್ಪಸ್ವಲ್ಪವಾಗಿ ಘಾಸಿಗೊಳಿಸುವುದೇ ಇದರ ಅಪಾಯ.

ವೈದ್ಯಕೀಯ ಚರಿತ್ರೆಯಲ್ಲಿ ಇದಕ್ಕೆ ಕಹಿಯಾದ ಪಾಠವೊಂದಿದೆ. 1930ರ ದಶಕದಿಂದ 1950ರ ದಶಕದವರೆಗೆ, ಎಕ್ಸ್-ರೇ ಚಿತ್ರದಲ್ಲಿ ರಕ್ತನಾಳಗಳು ಸ್ಪಷ್ಟವಾಗಿ ಕಾಣಲೆಂದು ಥೋರೋಟ್ರಾಸ್ಟ್ ಎಂಬ ದ್ರಾವಣವನ್ನು ಹಲವು ದೇಶಗಳಲ್ಲಿ ರೋಗಿಗಳಿಗೆ ಚುಚ್ಚುತ್ತಿದ್ದರು. ಅದರಲ್ಲಿದ್ದುದು ಇದೇ ಥೋರಿಯಂ ಆಕ್ಸೈಡ್. ಚುಚ್ಚಿದಾಗ ರೋಗಿಗಳಿಗೆ ಯಾವ ತೊಂದರೆಯೂ ಕಾಣಲಿಲ್ಲ. ಆದರೆ ಅದು ಯಕೃತ್ತು, ಗುಲ್ಮಗಳಲ್ಲಿ ಉಳಿದುಬಿಟ್ಟಿತು. ಇಪ್ಪತ್ತು, ಮೂವತ್ತು ವರ್ಷಗಳಾದ ಮೇಲೆ ಅವರಲ್ಲಿ ಅನೇಕರಿಗೆ ಯಕೃತ್ತಿನ ಕ್ಯಾನ್ಸರ್ ಬಂತು. ರಕ್ತಕ್ಕೆ ನೇರವಾಗಿ ಚುಚ್ಚಿದ ಪ್ರಮಾಣಕ್ಕೂ ಸಾಣೆಯ ಧೂಳಿಗೂ ಹೋಲಿಕೆಯಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಒಳಹೊಕ್ಕ ಥೋರಿಯಂ ಅನ್ನು ದೇಹ ಬೇಗ ಹೊರಹಾಕಲಾರದು, ಅದರ ಪರಿಣಾಮ ಕಾಣಲು ದಶಕಗಳೇ ಬೇಕಾಗಬಹುದು ಎಂಬ ಪಾಠವಷ್ಟೇ ಇಲ್ಲಿ ಮುಖ್ಯ.

ಅಪರೂಪಕ್ಕೊಮ್ಮೆ ಕಡ್ಡಿ ಚೂಪು ಮಾಡುವವರಿಗೆ ಅಪಾಯ ಬಹಳ ಕಡಿಮೆ. ಆದರೆ ಕಲಿಯುವವನ ಪಾಡು ಬೇರೆ. ನುರಿತವನು ಒಂದು ಮೊನೆಯಲ್ಲಿ ಅರ್ಧ ದಿನ ಕೆಲಸ ಮಾಡಿದರೆ, ಹೊಸಬ ಗಂಟೆಗೆ ಎರಡು-ಮೂರು ಬಾರಿ ಕಡ್ಡಿಯನ್ನು ಕರಗಿದ ಲೋಹಕ್ಕೆ ತಾಗಿಸುತ್ತಾನೆ, ಮತ್ತೆ ಸಾಣೆಯ ಮುಂದೆ ನಿಲ್ಲುತ್ತಾನೆ. ಶೆಡ್ಡಿನಲ್ಲಿ ಎಲ್ಲರಿಗಿಂತ ಕಿರಿಯನೇ ಎಲ್ಲರಿಗಿಂತ ಹೆಚ್ಚು ಧೂಳು ಕುಡಿಯುತ್ತಾನೆ. ಅಣ್ಣಂದಿರ ಕಡ್ಡಿಗಳನ್ನು ಚೂಪು ಮಾಡಿಕೊಡುವ ಕೆಲಸವೂ ಅವನ ಪಾಲಿಗೇ ಬರುವುದುಂಟು.

ಅಲ್ಯೂಮಿನಿಯಂಗೆ ಕೆಂಪು ಕಡ್ಡಿ ಬೇಕೇ?

ಬೇಡ! ಇದೇ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ. ಥೋರಿಯಂ ಕಡ್ಡಿ ಡಿ.ಸಿ. ವಿದ್ಯುತ್ತಿನಲ್ಲಿ ಉಕ್ಕು ಬೆಸೆಯಲು ಒಳ್ಳೆಯದಿರಬಹುದು. ಎ.ಸಿ.ಯಲ್ಲಿ, ಅಂದರೆ ಅಲ್ಯೂಮಿನಿಯಂ ಕೆಲಸದಲ್ಲಿ, ಅದರ ತುದಿ ಸೀಳುವುದು, ಚೂರು ಉಗುಳುವುದು ಸಾಮಾನ್ಯ. ಆ ಚೂರು ಬೆಸುಗೆಯಲ್ಲಿ ಸೇರಿ ಜಾಬ್ ಕೆಡುತ್ತದೆ, ಕಡ್ಡಿ ಮತ್ತೆ ಸಾಣೆಗೆ ಹೋಗುತ್ತದೆ. ಕೆಲಸಕ್ಕೂ ಒಗ್ಗದ, ಆರೋಗ್ಯಕ್ಕೂ ಒಳ್ಳೆಯದಲ್ಲದ ಕಡ್ಡಿಯನ್ನು ‘ಮೊದಲಿಂದ ಇದೇ ತರ್ತಾ ಇದ್ದೀವಿ’ ಎಂಬ ಒಂದೇ ಕಾರಣಕ್ಕೆ ಬಳಸುವುದೇಕೆ?

ಥೋರಿಯಂ ಇಲ್ಲದ ಕಡ್ಡಿಗಳು ಈಗ ಬೇಕಾದಷ್ಟಿವೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅವುಗಳ ಗುರುತು ಹೀಗಿದೆ:

ಹಸಿರು: ಏನೂ ಬೆರೆಸದ ಶುದ್ಧ ಟಂಗ್‌ಸ್ಟನ್. ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರಗಳಿಗೆ ಹೊಂದುತ್ತದೆ. ಹೆಚ್ಚು ಆಂಪಿಯರ್ ತಡೆಯಲಾರದು.

ಬಿಳಿ: ಝಿರ್ಕೋನಿಯಂ ಆಕ್ಸೈಡ್ ಬೆರೆತದ್ದು. ಎ.ಸಿ.ಗೆಂದೇ ತಯಾರಾದದ್ದು ಎನ್ನಬಹುದು. ಹಸಿರಿಗಿಂತ ಹೆಚ್ಚು ಶಾಖ ತಡೆಯುತ್ತದೆ.

ಬೂದು: ಶೇ. 2ರಷ್ಟು ಸೀರಿಯಂ ಆಕ್ಸೈಡ್ ಇರುವಂಥದು. ಕಡಿಮೆ ಆಂಪಿಯರಿನಲ್ಲೂ ಕಿಡಿ ಚೆನ್ನಾಗಿ ಹೊತ್ತುತ್ತದೆ.

ಚಿನ್ನದ ಬಣ್ಣ ಮತ್ತು ನೀಲಿ: ಕ್ರಮವಾಗಿ ಶೇ. 1.5 ಮತ್ತು ಶೇ. 2ರಷ್ಟು ಲ್ಯಾಂಥನಂ ಆಕ್ಸೈಡ್ ಇರುವಂಥವು. ಹೊಸ ಇನ್ವರ್ಟರ್ ಯಂತ್ರಗಳಲ್ಲಿ ಅಲ್ಯೂಮಿನಿಯಂ, ಉಕ್ಕು ಎರಡಕ್ಕೂ ನಡೆಯುತ್ತವೆ. ಒಂದೇ ಬಗೆಯ ಕಡ್ಡಿ ಕೊಳ್ಳುವಷ್ಟೇ ಹಣವಿದ್ದರೆ ಇದನ್ನೇ ಕೊಳ್ಳಬಹುದು.

ಕೆಂಪಿನ ಹಾಗೆಯೇ ಹಳದಿಯಲ್ಲೂ ಥೋರಿಯಂ ಇದೆ, ಸುಮಾರು ಶೇ. 1ರಷ್ಟು. ನೇರಳೆ ಬಣ್ಣದ ಬಗ್ಗೆ ಮಾತ್ರ ಎಚ್ಚರವಿರಲಿ. ಮಾನದಂಡದಲ್ಲಿ ಅದು ಶೇ. 3ರಷ್ಟು ಥೋರಿಯಂನ ಗುರುತು. ಆದರೆ ಥೋರಿಯಂ ಇಲ್ಲದ ಬೇರೊಂದು ಮಿಶ್ರಣವೂ ಅದೇ ಬಣ್ಣದಲ್ಲಿ ಮಾರಾಟವಾಗುತ್ತದೆ. ಆದ್ದರಿಂದ ಬಿಡಿಕಡ್ಡಿ ಕೊಳ್ಳದೆ, ಡಬ್ಬಿ ನೋಡಿ, ಅದರ ಮೇಲೆ ಬರೆದಿರುವುದನ್ನು ಓದಿ ಕೊಳ್ಳಿ.

ಕಡ್ಡಿ ಸಿದ್ಧಪಡಿಸುವ ಬಗೆ

ವೈದ್ಯರಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಸರಿಯಾಗಿ ಸಿದ್ಧಪಡಿಸಿದ ಕಡ್ಡಿ ಹೆಚ್ಚು ಹೊತ್ತು ಬಾಳುತ್ತದೆ, ಸಾಣೆಗೆ ಹೋಗುವುದು ಕಡಿಮೆಯಾಗುತ್ತದೆ. ಸಾಣೆ ಕಡಿಮೆಯಾದಷ್ಟೂ ಧೂಳು ಕಡಿಮೆ.

ಮೊದಲು ದಪ್ಪ ಆರಿಸಿ. ಅಲ್ಯೂಮಿನಿಯಂ ತಗಡಿನ ಪ್ರತಿ ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪಿಯರ್ ಬೇಕು ಎಂಬುದು ಕುಶಲಕರ್ಮಿಗಳ ಅಂದಾಜು. 3 ಮಿ.ಮೀ. ತಗಡಿಗೆ 120 ಆಂಪಿಯರ್ ಆಯಿತು. ಅದಕ್ಕೆ 2.4 ಮಿ.ಮೀ. ಕಡ್ಡಿ ಸರಿಯಾಗುತ್ತದೆ. ತೆಳು ತಗಡಿಗೆ 1.6 ಮಿ.ಮೀ. ಸಾಕು. ಕಡ್ಡಿ ತೆಳುವಾಗಿದ್ದು ವಿದ್ಯುತ್ ಹೆಚ್ಚಾದರೆ ತುದಿ ಕರಗಿ ಹನಿಯಂತೆ ತೂಗಾಡಿ ಜಾಬಿನೊಳಗೆ ಬೀಳುತ್ತದೆ.

ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರವಾದರೆ ಹಸಿರು ಅಥವಾ ಬಿಳಿ ಕಡ್ಡಿಯನ್ನು ಚೂಪು ಮಾಡುವುದೇ ಬೇಡ. ಶುಚಿಯಾದ ತಾಮ್ರದ ತುಂಡಿನ ಮೇಲೆ ಎ.ಸಿ.ಯಲ್ಲಿ ಕಿಡಿ ಹೊತ್ತಿಸಿ, ವಿದ್ಯುತ್ತನ್ನು ನಿಧಾನವಾಗಿ ಏರಿಸಿ. ತುದಿ ತಾನಾಗಿಯೇ ಹೊಳೆಯುವ ಗುಂಡಾಗುತ್ತದೆ. ಗುಂಡಿನ ಅಗಲ ಕಡ್ಡಿಯ ದಪ್ಪದ ಒಂದೂವರೆ ಪಟ್ಟು ಮೀರಬಾರದು. ಧೂಳೇ ಇಲ್ಲದ ವಿಧಾನವಿದು.

ಇನ್ವರ್ಟರ್ ಯಂತ್ರವಾದರೆ ಬೂದು, ಚಿನ್ನದ ಬಣ್ಣ ಅಥವಾ ನೀಲಿ ಕಡ್ಡಿಯನ್ನು ಸಾಣೆ ಹಿಡಿಯಬೇಕಾಗುತ್ತದೆ. ಇಳಿಜಾರು ಕಡ್ಡಿಯ ದಪ್ಪದ ಒಂದೂವರೆ ಎರಡು ಪಟ್ಟು ಉದ್ದವಿರಲಿ. ಸೂಜಿಯಂಥ ಮೊನೆ ಬೇಡ, ತುದಿಯನ್ನು ಕೊಂಚ ಚಪ್ಪಟೆ ಮಾಡಿ. ಕಿಡಿ ಹೊತ್ತಿಸಿದ ಮೇಲೆ ಅದೇ ಸಣ್ಣ ಗುಮ್ಮಟದ ಆಕಾರ ತಾಳುತ್ತದೆ. ಸಾಣೆಯ ಗೆರೆಗಳು ಕಡ್ಡಿಯ ಉದ್ದಕ್ಕೆ ಇರಬೇಕು. ಅಡ್ಡಗೆರೆ ಬಿದ್ದರೆ ಕಿಡಿ ಅತ್ತಿತ್ತ ಅಲೆಯುತ್ತದೆ. ಬಣ್ಣವಿರುವ ತುದಿಯನ್ನು ಎಂದೂ ಸಾಣೆ ಹಿಡಿಯಬೇಡಿ. ಗುರುತು ಅಳಿಸಿಹೋದರೆ ಕೈಯಲ್ಲಿರುವುದು ಯಾವ ಕಡ್ಡಿ ಎಂದು ಯಾರಿಗೂ ತಿಳಿಯದು.

ಟಂಗ್‌ಸ್ಟನ್‌ಗೆಂದೇ ಒಂದು ನುಣುಪು ಚಕ್ರವನ್ನು ಬೇರೆಯಾಗಿಡಿ. ವಜ್ರದ ಪುಡಿಯ ಚಕ್ರವಾದರೆ ಉತ್ತಮ. ಕಬ್ಬಿಣ ಉಜ್ಜಿದ ಚಕ್ರದಲ್ಲಿ ಉಜ್ಜಿದರೆ ಆ ಕೊಳೆ ಕಡ್ಡಿಗೆ ಹತ್ತಿ ಬೆಸುಗೆ ಕಪ್ಪಾಗುತ್ತದೆ, ಮತ್ತೆ ಸಾಣೆ ಹಿಡಿಯಬೇಕಾಗುತ್ತದೆ. ಸಾಧಾರಣ ಚಕ್ರದಲ್ಲಿ ಅಲ್ಯೂಮಿನಿಯಂ ಉಜ್ಜುವುದಂತೂ ಬೇಡವೇ ಬೇಡ. ಮೆದುಲೋಹ ರಂಧ್ರಗಳಲ್ಲಿ ತುಂಬಿಕೊಂಡು, ಚಕ್ರ ಬಿಸಿಯಾಗಿ ಸಿಡಿಯಬಹುದು. ಚಕ್ರಕ್ಕೂ ಅದರ ಮುಂದಿನ ಆಸರೆಪಟ್ಟಿಗೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಬಿಡಬೇಡಿ. ಕವಚ ಕಳಚಿದ ಗ್ರೈಂಡರಿನ ಮುಂದೆ ನಿಲ್ಲಬೇಡಿ. ಸಾಣೆ ಹಿಡಿಯುವಾಗ ಸಡಿಲವಾದ ಬಟ್ಟೆ ಕೈಗವಸು ಹಾಕಬೇಡಿ, ಚಕ್ರ ಅದನ್ನು ಎಳೆದುಕೊಳ್ಳುತ್ತದೆ. ಗಿಡ್ಡವಾದ ಕಡ್ಡಿಯನ್ನು ಬೆರಳಲ್ಲಿ ಹಿಡಿಯದೆ ಹಿಡಿಕೆಗೆ ಸಿಕ್ಕಿಸಿ ಹಿಡಿಯಿರಿ.

ಕಡ್ಡಿ ಅಲ್ಯೂಮಿನಿಯಂಗೆ ತಾಗಿತೋ, ಹಾಗೆಯೇ ಮುಂದುವರಿಯಬೇಡಿ. ಲೋಹ ಹತ್ತಿದಷ್ಟು ಭಾಗವನ್ನು ತೆಗೆದು ಹೊಸ ತುದಿ ಮಾಡಬೇಕು. ಇಕ್ಕಳದಲ್ಲಿ ಚಟ್ಟನೆ ಮುರಿಯುವ ಅಭ್ಯಾಸ ಹಲವರಿಗಿದೆ. ಟಂಗ್‌ಸ್ಟನ್ ಗಾಜಿನಂತೆ ಸಿಡಿಯುವ ಲೋಹ. ಚೂರು ಕಣ್ಣಿಗೆ ಹಾರುತ್ತದೆ, ಉಳಿದ ಕಡ್ಡಿಯೂ ಉದ್ದಕ್ಕೆ ಬಿರುಕು ಬಿಡುತ್ತದೆ. ಸಾಣೆಯ ಅಂಚಿನಲ್ಲಿ ಸುತ್ತಲೂ ಗೀರು ಹಾಕಿಕೊಂಡು, ಕಣ್ಣಿಗೆ ಕನ್ನಡಕ ಹಾಕಿ, ಆಮೇಲೆ ಮುರಿಯಿರಿ. ಟಾರ್ಚಿಗೆ ಕಡ್ಡಿ ಹಾಕುವಾಗ, ತೆಗೆಯುವಾಗ ಯಂತ್ರದ ಸ್ವಿಚ್ ಆರಿಸಿರಲಿ. ಬೆವರಿದ ಕೈಗೆ ವಿದ್ಯುತ್ ಆಘಾತ ಬಲುಬೇಗ ಆಗುತ್ತದೆ.

ಸಾಣೆಯ ಸಂಖ್ಯೆ ತಗ್ಗಿಸಿ

ಕೈ ಪಳಗುವವರೆಗೆ ಕಡ್ಡಿ ತಾಗುವುದನ್ನು ಪೂರ್ತಿ ತಪ್ಪಿಸಲಾಗದು. ಆದರೆ ಕಡಿಮೆ ಮಾಡಬಹುದು. ಕಿಡಿ ಹೊತ್ತಿಸುವ ಮೊದಲು, ಯಂತ್ರ ಆರಿಸಿಯೇ, ಟಾರ್ಚನ್ನು ಜಾಬಿನ ಉದ್ದಕ್ಕೂ ಒಂದೆರಡು ಬಾರಿ ಒಯ್ದು ಅಭ್ಯಾಸ ಮಾಡಿ. ಮುಂಗೈಯನ್ನು ಎಲ್ಲಾದರೂ ಊರಿಕೊಳ್ಳಿ. ಗಾಳಿಯಲ್ಲಿ ತೇಲುವ ಕೈ ನಡುಗಿಯೇ ನಡುಗುತ್ತದೆ. ಕಡ್ಡಿಯ ತುದಿ ಕಪ್ಪಿನಿಂದ 3ರಿಂದ 6 ಮಿ.ಮೀ. ಮಾತ್ರ ಹೊರಗಿರಲಿ. ಕೆಲಸ ನಿಲ್ಲಿಸಿದ ಕೂಡಲೇ ಟಾರ್ಚನ್ನು ಎತ್ತಬೇಡಿ. 100 ಆಂಪಿಯರಿನಲ್ಲಿ ಕೆಲಸ ಮಾಡಿದ್ದರೆ ಹತ್ತು ಸೆಕೆಂಡಾದರೂ ಆರ್ಗಾನ್ ಹರಿಯುತ್ತಿರಲಿ. ಬಿಸಿ ಕಡ್ಡಿಗೆ ಗಾಳಿ ತಾಗಿದರೆ ಅದು ನೀಲಿಯಾಗಿ, ಕಪ್ಪಾಗಿ ಕೆಡುತ್ತದೆ. ಅನಿಲ ಉಳಿಸಲು ಹೋಗಿ ಕಡ್ಡಿ ಕಳೆದುಕೊಳ್ಳುವುದೆಂದರೆ ಇದೇ.

ಬೆಳಿಗ್ಗೆಯೇ ಐದಾರು ಕಡ್ಡಿಗಳನ್ನು ಒಟ್ಟಿಗೆ ಸಿದ್ಧಪಡಿಸಿ ಡಬ್ಬಿಯಲ್ಲಿಟ್ಟುಕೊಳ್ಳಿ. ಇಪ್ಪತ್ತು ಬಾರಿ ಮೂಗು ಮುಚ್ಚದೆ ಓಡುವುದಕ್ಕಿಂತ, ಸರಿಯಾದ ಮುಖವಾಡ ಹಾಕಿ ಎರಡು ಬಾರಿ ಕೂರುವುದು ಮೇಲು.

ಧೂಳಿಗೆ ತಡೆ

ಕರ್ಚೀಫಿನ ಎಳೆಗಳ ನಡುವಿನ ಸಂದು ಈ ಸೂಕ್ಷ್ಮ ಕಣಗಳಿಗೆ ತೆರೆದ ಬಾಗಿಲಿದ್ದಂತೆ. 2020ರ ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಎನ್-95 ಮುಖವಾಡವನ್ನು ಬಳಸಿ. ಮೂಗಿನ ಮೇಲಿನ ಪಟ್ಟಿಯನ್ನು ಒತ್ತಿ ಕೂರಿಸಿ. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ಸೋರುತ್ತದೆ ಎಂಬುದು ನೆನಪಿರಲಿ. ಸಾಣೆಯ ಬಳಿಯೇ ಧೂಳು ಹೀರುವ ಯಂತ್ರವಿದ್ದರೆ ಇನ್ನೂ ಒಳ್ಳೆಯದು. ಅಂಥದನ್ನು ಕೊಡಿಸುವುದು ಮಾಲೀಕರ ಹೊಣೆ.

ಕೆಲಸ ಮುಗಿದ ಮೇಲೆ ಕಂಪ್ರೆಸರಿನ ಗಾಳಿಯಿಂದ ಮೈಮೇಲಿನ, ಮೇಜಿನ ಮೇಲಿನ ಧೂಳು ಹಾರಿಸುವುದು ನಮ್ಮ ಶೆಡ್ಡುಗಳ ರೂಢಿ. ಇದಕ್ಕಿಂತ ಕೆಟ್ಟ ರೂಢಿ ಇನ್ನೊಂದಿಲ್ಲ. ಕೂತ ಧೂಳನ್ನು ಎಬ್ಬಿಸಿ ಎಲ್ಲರ ಮೂಗಿಗೂ ಹಂಚಿದಂತಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಕೆಂಪು ಕಡ್ಡಿಯ ಧೂಳಾದರೆ ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಉಳಿದ ಕಸದಿಂದ ಬೇರೆಯಾಗಿಡಿ. ಕೈ ತೊಳೆಯದೆ ಬೀಡಿ, ಟೀ ಮುಟ್ಟಬೇಡಿ. ಕೆಲಸದ ಬಟ್ಟೆಯನ್ನು ಶೆಡ್ಡಿನಲ್ಲೇ ಬದಲಾಯಿಸಿ, ಮನೆಯವರ ಬಟ್ಟೆಯೊಂದಿಗೆ ಸೇರಿಸದೆ ಒಗೆಯಿರಿ. ಅಪ್ಪ ಬಂದನೆಂದು ಓಡಿಬಂದು ತಬ್ಬಿಕೊಳ್ಳುವ ಮಗುವಿಗೆ ಆ ಧೂಳು ತಾಗಬಾರದು.

ಥೋರಿಯಂ ಇಲ್ಲದ ಕಡ್ಡಿಯಾದರೆ ಮುಖವಾಡ ಬೇಡವೇ? ಬೇಕು. ವಿಕಿರಣವಿಲ್ಲದಿದ್ದರೂ ಲೋಹದ ಧೂಳು ಶ್ವಾಸಕೋಶಕ್ಕೆ ಆಹಾರವಲ್ಲ. ಇನ್ನೊಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನೂ ವೆಲ್ಡಿಂಗ್‌ನ ಅತಿನೇರಳೆ ಕಿರಣಗಳನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವವುಗಳ ಪಟ್ಟಿಗೆ ಸೇರಿಸಿತು. ಕಿಟಕಿ ಬಾಗಿಲು ತೆರೆದು ಗಾಳಿಯಾಡುವಂತೆ ಮಾಡಿಕೊಂಡೇ ಕೆಲಸ ಮಾಡಿ. ಫ್ಯಾನನ್ನು ಮಾತ್ರ ನೇರವಾಗಿ ಜಾಬಿನ ಮೇಲೆ ತಿರುಗಿಸಬೇಡಿ, ಆರ್ಗಾನ್ ಚದುರುತ್ತದೆ. ಜಿಡ್ಡು ತೆಗೆಯಲು ಕ್ಲೋರಿನ್ ಇರುವ ದ್ರಾವಕ ಬಳಸಬೇಡಿ. ಅದರ ಆವಿ ಕಿಡಿಯ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲವಾಗಬಲ್ಲದು. ಅಸಿಟೋನಿನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ, ಡಬ್ಬಿಯನ್ನು ದೂರವಿಟ್ಟು ಕೆಲಸ ಶುರು ಮಾಡಿ.

ಕಣ್ಣಿನ ವಿಚಾರ

ಸಾಣೆಯ ಚೂರು ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಜತೆಗಾರನಿಂದ ಬಟ್ಟೆಯ ತುದಿಯಲ್ಲೋ ಬೆಂಕಿಕಡ್ಡಿಯಲ್ಲೋ ತೆಗೆಸಿಕೊಳ್ಳಬೇಡಿ. ಅಯಸ್ಕಾಂತ ಹಿಡಿದರೆ ಕಬ್ಬಿಣ ಬರಬಹುದೇನೋ, ಟಂಗ್‌ಸ್ಟನ್ ಬರುವುದಿಲ್ಲ. ನೇರವಾಗಿ ಕಣ್ಣಿನ ವೈದ್ಯರ ಬಳಿಗೆ ಹೋಗಿ.

ತಾಮ್ರದ ಮೇಲೆ ಗುಂಡು ಮಾಡುವಾಗ ‘ಒಂದೇ ಕ್ಷಣ ತಾನೆ’ ಎಂದು ಹೆಲ್ಮೆಟ್ ಇಲ್ಲದೆ ಕಿಡಿ ಹೊತ್ತಿಸುವವರಿದ್ದಾರೆ. ಹೊಳೆಯುವ ಅಲ್ಯೂಮಿನಿಯಂ ಕೂಡ ಕನ್ನಡಿಯಂತೆ ಅತಿನೇರಳೆ ಕಿರಣಗಳನ್ನು ಮುಖಕ್ಕೆ, ಕತ್ತಿಗೆ ಪ್ರತಿಫಲಿಸುತ್ತದೆ. ಕಾರ್ನಿಯಾ ಎಂಬ ಕಣ್ಣಿನ ಪಾರದರ್ಶಕ ಪಟಲ ಇದರಿಂದ ಸುಡುತ್ತದೆ. ನೋವು ತಕ್ಷಣ ಗೊತ್ತಾಗುವುದಿಲ್ಲ. ಆರರಿಂದ ಹನ್ನೆರಡು ಗಂಟೆಗಳ ಬಳಿಕ, ನಡುರಾತ್ರಿಯಲ್ಲಿ ಕಣ್ಣಿಗೆ ಮರಳು ಸುರಿದಂತಾಗಿ ಎಚ್ಚರವಾಗುತ್ತದೆ. ಆಗ ಎದೆಹಾಲು, ಹರಳೆಣ್ಣೆ ಬಿಡುವುದು ಬೇಡ. ನೋವು ಮರಗಟ್ಟಿಸುವ ಹನಿಯನ್ನು ಅಂಗಡಿಯಿಂದ ತಂದು ಪದೇಪದೇ ಹಾಕಿಕೊಳ್ಳಬೇಡಿ, ಅದು ಗಾಯ ಮಾಯಲು ಬಿಡುವುದಿಲ್ಲ. ಕಣ್ಣು ಮುಚ್ಚಿ, ತಣ್ಣೀರಿನ ಬಟ್ಟೆ ಇಟ್ಟು, ಬೆಳಗಾದೊಡನೆ ವೈದ್ಯರಿಗೆ ತೋರಿಸಿ. ಒಂದೆರಡು ದಿನಗಳಲ್ಲಿ ಸಾಮಾನ್ಯವಾಗಿ ವಾಸಿಯಾಗುತ್ತದೆ.

ವೈದ್ಯರಿಗೆ ಉದ್ಯೋಗ ತಿಳಿಸಿ

ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝೀನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಗ್ರಂಥವೊಂದನ್ನು ಬರೆದ. ರೋಗಿಯನ್ನು ಕೇಳುವ ಪ್ರಶ್ನೆಗಳ ಜತೆಗೆ ‘ನಿನ್ನ ಕಸುಬೇನು’ ಎಂಬುದನ್ನೂ ಕೇಳಬೇಕೆಂದು ಅವನು ವೈದ್ಯರಿಗೆ ಹೇಳಿದ. ಮುನ್ನೂರು ವರ್ಷ ಕಳೆದರೂ ನಾವು ಅದನ್ನು ಮರೆಯುತ್ತೇವೆ. ನಾವು ಕೇಳದಿದ್ದರೆ ನೀವೇ ಹೇಳಿ: ಯಾವ ಲೋಹ, ಯಾವ ಕಡ್ಡಿ, ದಿನಕ್ಕೆ ಎಷ್ಟು ಹೊತ್ತು, ಮುಖವಾಡ ಉಂಟೋ ಇಲ್ಲವೋ. ಮೂರು ವಾರ ಮೀರಿದ ಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ತಡಮಾಡಬೇಡಿ. ಬೀಡಿ, ಸಿಗರೇಟು ಸೇದುವವರಾದರೆ ಬಿಟ್ಟುಬಿಡಿ. ಧೂಳಿನ ಮೇಲೆ ಹೊಗೆಯೂ ಸೇರಿದರೆ ಶ್ವಾಸಕೋಶಕ್ಕೆ ಎರಡು ಹೊರೆ.

ಆ ಯುವಕನ ಕೆಮ್ಮಿಗೆ ಥೋರಿಯಂ ಕಾರಣ ಎಂದು ನಾನು ಹೇಳುವುದಿಲ್ಲ. ಎದೆಯ ಎಕ್ಸ್-ರೇ ಸರಿಯಾಗಿತ್ತು. ಸಾಣೆಯ ಧೂಳು, ಹೊಗೆ, ಮೇಲೆ ಒಂದಿಷ್ಟು ಬೀಡಿ, ಇವು ಸಾಕಾಗಿದ್ದವು ಗಂಟಲು ಕೆಡಿಸಲು. ಮದುವೆಯ ಕರೆಯೋಲೆ ಕೊಡಲು ಬಂದಾಗ ಕೆಮ್ಮು ಇರಲಿಲ್ಲ. ಜೇಬಿನಲ್ಲಿ ಕಡ್ಡಿಯೂ ಇರಲಿಲ್ಲ. “ಬೂದು ಬಣ್ಣದ್ದು ತರಿಸಿದೀವಿ ಸಾರ್. ಈಗ ದಿನಕ್ಕೆ ನಾಲ್ಕೈದು ಸಲ ಸಾಣೆ ಅಷ್ಟೇ, ಕೈ ಕೂತಿದೆ” ಎಂದ.

ಶೆಡ್ಡಿನ ಮಾಲೀಕರಲ್ಲಿ, ಐ.ಟಿ.ಐ.ಗಳಲ್ಲಿ ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಹುಡುಗರಿಗೆ ಟಾರ್ಚು ಹಿಡಿಯುವುದನ್ನು ಕಲಿಸುವ ಮೊದಲೇ ಕಡ್ಡಿಯ ಬಣ್ಣ ಓದುವುದನ್ನು, ಮುಖವಾಡ ಹಾಕಿ ಸಾಣೆ ಹಿಡಿಯುವುದನ್ನು ಕಲಿಸಿ. ಕಸುಬು ಕೈಗೆ ಹತ್ತಲು ಕೆಲವು ತಿಂಗಳು ಸಾಕು. ಆ ಕಸುಬಿನಿಂದ ಮೂವತ್ತು ವರ್ಷ ಸಂಸಾರ ಸಾಗಿಸಬೇಕಾದರೆ ಶ್ವಾಸಕೋಶವೂ ಅಷ್ಟು ಕಾಲ ಬಾಳಬೇಕಲ್ಲವೇ?